ಹೆದ್ದಾರಿಯೂ ಜಂಗಮವೂ

ದಾರಿಯ ಮೇಲೆ ಮೊದಲ ಹಕ್ಕು ಅದರ ಮೇಲೆ ಸಾಗಿಹೋಗುವವನದೋ, ಅದರ ಮಗ್ಗುಲಲ್ಲಿ ನೆಲೆನಿಂತು ಬಾಳುವವನದೋ ಎಂಬ ಪ್ರಶ್ನೆಯನ್ನು ಇಂದು ನಮ್ಮ ನಾಡಿನಲ್ಲಿ ಭೂಸ್ವಾಧೀನದ ಅಧಿಕಾರಿಗಳೂ ಗುತ್ತಿಗೆದಾರರೂ ವಕೀಲರೂ ತಂತಮ್ಮ ರೀತಿಯಲ್ಲಿ ತೀರ್ಮಾನಿಸುತ್ತಿರುವರಾದರೂ, ಅದು ಮೂಲತಃ ಧರ್ಮವಿಚಾರಕ್ಕೆ ಸೇರಿದ ಪ್ರಶ್ನೆಯೆಂದೂ, ಮೋಜಣಿಯವರ ಸರಪಳಿಗೂ ಪರಿಹಾರದ ಯಾದಿಗೂ ಅದನ್ನು ಒಪ್ಪಿಸಿ ನಾವು ಸುಮ್ಮನಿರಲಾಗದೆಂದೂ ನಾನು ನಂಬಿರುವೆನು. ರಸ್ತೆಯನ್ನು ಅಗಲಿಸಬೇಕೆಂಬುವವರ ಪಕ್ಷದಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ಆ ನ್ಯಾಯ ಎಷ್ಟರದು, ಅದರ ಮೇರೆ ಎಲ್ಲಿಯದು ಎಂಬುದನ್ನು ವಿಚಾರಿಸುವ ಹೊಣೆ ಮಾತ್ರ ನಮ್ಮ ಮೇಲಿದೆ.

ರಾಮದುರ್ಗ ತಾಲೂಕಿನ ಸುರೇಬಾನದ ಸನಿಹದಲ್ಲಿ, ಗುಡ್ಡಗಳ ಮಡಿಲಿನಲ್ಲಿ, ಶಬರಿಕೊಳ್ಳವೆಂಬ ಕ್ಷೇತ್ರವಿದೆ. ಹಳೆಯ ಕಲ್ಲುಗುಡಿ, ಬುಗ್ಗೆಯ ನೀರು ತುಂಬಿದ ಹೊಂಡ, ಸುತ್ತಮುತ್ತ ಬಾರಿಯ ಗಿಡಗಳು. ಶಬರಿಯು ಶ್ರೀರಾಮನ ಬರವನ್ನು ಕಾದು ಕುಳಿತದ್ದು ಇಲ್ಲಿಯೇ ಎಂಬುದು ಈ ಸೀಮೆಯ ಜನರ ಶ್ರದ್ಧೆ. ವಾಲ್ಮೀಕಿಯು ಆಕೆಯ ಆಶ್ರಮವನ್ನು ಪಂಪೆಯ ತೀರದ ಮತಂಗವನದಲ್ಲಿ ಇರಿಸಿರುವನಾದುದರಿಂದ ಹಂಪೆಯವರೂ ಆಕೆಯನ್ನು ತಮ್ಮವಳೆನ್ನುವರು; ಹಣ್ಣನ್ನು ಕಚ್ಚಿ ರುಚಿ ನೋಡಿ ಕೊಟ್ಟಳೆಂಬ ಸಂಗತಿಯಾದರೋ ವಾಲ್ಮೀಕಿಯಲ್ಲಿಲ್ಲ, ಬಳಿಕದ ಭಕ್ತರು ಕಂಡುಕೊಂಡದ್ದು. ಯಾವ ಊರಿನ ಶ್ರದ್ಧೆ ಸರಿಯೆಂಬ ವಿವಾದದಲ್ಲಿ ನನಗೆ ಆಸಕ್ತಿಯಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಕಥೆಯ ಮತ್ತೊಂದು ಅಂಶ. ಲೋಕದಲ್ಲಿ ಅಂದಿನ ರಾಮನಿಗಿಂತ ಅವಸರದಲ್ಲಿದ್ದ ಪಯಣಿಗನಾರು? ಹೆಂಡತಿಯನ್ನು ಕಳೆದುಕೊಂಡವನು, ಆಕೆಯನ್ನು ಒಯ್ದವನ ಹೆಸರನ್ನಷ್ಟೇ ಬಲ್ಲವನು, ಒಯ್ದ ಎಡೆಯನ್ನು ಅರಿಯದವನು, ಒಂದೊಂದು ಗಳಿಗೆಯೂ ಪ್ರಾಣಸಂಕಟವಾಗಿದ್ದವನು. ಅವನ ಕಾರ್ಯಕ್ಕಿಂತ ದೊಡ್ಡ ಲೋಕಕಾರ್ಯವೂ ಆಗ ಇರಲಿಲ್ಲ. ಆದರೂ ಅವನು ದಾರಿಯ ಮಗ್ಗುಲಲ್ಲಿ ಒಬ್ಬ ಮುದುಕಿ ಕಾದಿರುವಳೆಂದು ತಿಳಿದು ನಿಂತನು, ಆಕೆಯ ಯೋಗಕ್ಷೇಮವನ್ನು ವಿಚಾರಿಸಿದನು, ಆಕೆ ಕೊಟ್ಟುದನ್ನು ಕೈನೀಡಿ ಕೊಂಡನು. ದಾರಿಹೋಕನ ಕಾರ್ಯ ಎಷ್ಟೇ ಮಹತ್ತಾಗಿರಲಿ, ದಾರಿಯ ಬದಿಯವರ ಬಾಳು ಅದಕ್ಕೆ ಅಡ್ಡಿಯೆಂದು ಎಣಿಸತಕ್ಕದ್ದಲ್ಲವೆಂಬ ಧರ್ಮವನ್ನು ಇದಕ್ಕಿಂತ ಸ್ಪಷ್ಟವಾಗಿ ಬೇರೆ ಯಾವ ಕಥೆಯೂ ಹೇಳಿರುವುದನ್ನು ನಾನು ಕಾಣೆ.

ಆದರೆ ಇದಕ್ಕೆ ಎದುರಾಗಿ ನಮ್ಮ ಸೀಮೆಯ ಧರ್ಮವಾಙ್ಮಯದಿಂದಲೇ ಒಂದು ವಾದವನ್ನು ಹೂಡಬಹುದು. ಹನ್ನೆರಡನೆಯ ಶತಮಾನದ ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಬಗೆದವರು. ಕಲ್ಲಿನ ದೇಗುಲದ ಮುಂದೆ ನಡೆದಾಡುವ ದೇಹವನ್ನೇ ದೇಗುಲವಾಗಿ ಕಂಡವರು. ಹೀಗಿರಲಾಗಿ ನಿಂತ ಮನೆ, ನಿಂತ ಮರ, ನಿಂತ ಗುಡಿಗಳ ಪಕ್ಷವನ್ನು ವಹಿಸಿ ಚಲಿಸುವ ದಾರಿಯನ್ನು ವಿರೋಧಿಸುವುದು ಶರಣಮಾರ್ಗಕ್ಕೆ ಸಲ್ಲುವುದೆ, ಹೆದ್ದಾರಿಯು ಜಂಗಮದ ಪಕ್ಷವಲ್ಲವೆ ಎಂದು ಕೇಳುವವರಿರಬಹುದು. ಪ್ರಶ್ನೆ ಹಗುರವಾದುದಲ್ಲ.

ಇದಕ್ಕೆ ಉತ್ತರವನ್ನು ನಾನು ಎಂ.ಕೆ. ಹುಬ್ಬಳ್ಳಿಯಲ್ಲಿ ಕಾಣುತ್ತೇನೆ. ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಶರಣರು ದೇಶಾಂತರ ಹೊರಟಾಗ ಅವರಲ್ಲೊಂದು ಸಮೂಹ ಚೆನ್ನಬಸವಣ್ಣನ ಮುಂದಾಳುತನದಲ್ಲಿ ಉಳವಿಯತ್ತ ನಡೆದು ಈ ಸೀಮೆಯನ್ನು ಹಾದುಹೋಯಿತೆಂದೂ, ಬೆನ್ನಟ್ಟಿ ಬಂದ ಸೈನ್ಯದೊಡನೆ ಕಿತ್ತೂರಿನ ಬಳಿಯ ಕಾದರವಳ್ಳಿಯಲ್ಲಿ ಕಾಳಗವಾಯಿತೆಂದೂ, ಬಸವಣ್ಣನ ಪತ್ನಿ ಗಂಗಾಂಬಿಕೆ ಮಲಪ್ರಭೆಯ ದಡದಲ್ಲಿ ಐಕ್ಯಳಾದಳೆಂದೂ ಪರಂಪರೆ ಹೇಳುವುದು. ಆಕೆಯ ಐಕ್ಯಮಂಟಪ ಇಂದಿಗೂ ಎಂ.ಕೆ. ಹುಬ್ಬಳ್ಳಿಯ ಹೊಳೆಯಲ್ಲಿದೆ. ಅದರ ಸನಿಹದಲ್ಲಿಯೇ, ಮೊದಲು ಸ್ವರ್ಣ ಚತುಷ್ಕೋನ ಯೋಜನೆಯಲ್ಲಿ ಚತುಷ್ಪಥವಾಗಿ ಬಳಿಕ ಷಟ್ಪಥವಾಗಿ ಬೆಳೆದ ಪುಣೆ-ಬೆಂಗಳೂರು ಹೆದ್ದಾರಿ ಹಾದುಹೋಗಿದೆ. ಎರಡೂ ದಾರಿಗಳೇ. ಶರಣರು ನಡೆದ ದಾರಿಯಲ್ಲಿ ಹಳ್ಳಿಹಳ್ಳಿಗೂ ಅವರ ಗುರುತು ಉಳಿದಿದೆ: ಇಲ್ಲಿ ತಂಗಿದರು, ಇಲ್ಲಿ ಪ್ರಸಾದ ಸ್ವೀಕರಿಸಿದರು, ಇಲ್ಲಿ ಇಂಥವರನ್ನು ಕಳೆದುಕೊಂಡರು ಎಂದು ಎಂಟುನೂರು ವರ್ಷಗಳಿಗೂ ಮಿಕ್ಕು ಜನ ನೆನೆದಿರುವರು. ಹೆದ್ದಾರಿಯ ಮೇಲೆ ದಿನವೊಂದಕ್ಕೆ ಸಾವಿರಾರು ವಾಹನಗಳು ಹಾದುಹೋಗುತ್ತಿದ್ದರೂ ಆ ಊರಿಗೆ ಅವುಗಳಲ್ಲಿ ಒಂದರ ಪರಿಚಯವೂ ಇರದು. ಶರಣರ ಜಂಗಮವು ಬರಿಯ ಚಲನೆಯಾಗಿರಲಿಲ್ಲ. ಅದು ಮನೆಯ ಬಾಗಿಲಿಗೆ ಬರುವಂಥದು, ಬಂದು ಬೇಡುವಂಥದು, ಕೊಟ್ಟವನನ್ನು ಉದ್ಧರಿಸುವಂಥದು, ದಾಸೋಹವಿಲ್ಲದೆಡೆ ಜಂಗಮವಿಲ್ಲ. ಯಾರ ಬಾಗಿಲನ್ನೂ ತಟ್ಟದೆ, ಯಾರ ಮುಖವನ್ನೂ ನೋಡದೆ, ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಊರನ್ನು ದಾಟಿಹೋಗುವುದನ್ನು ಜಂಗಮವೆಂದು ಕರೆಯುವುದು ಆ ಮಹಾತತ್ತ್ವಕ್ಕೆ ಮಾಡುವ ಅಪಚಾರವಾದೀತು.

ನಿಜವಾದ ಜಂಗಮಪಥ ನಮ್ಮಲ್ಲಿ ಇನ್ನೂ ಬತ್ತಿಲ್ಲ. ಯುಗಾದಿಯ ಮುನ್ನ ಬೆಳಗಾವಿ, ವಿಜಯಪುರ, ಬಾಗಲಕೋಟೆಗಳಿಂದ ಕಂಬಿಯನ್ನು ಹೊತ್ತು ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆಯುವ ಮಲ್ಲಯ್ಯನ ಭಕ್ತರನ್ನು ನೋಡಿರಿ. ದಾರಿಯುದ್ದಕ್ಕೂ ಹಳ್ಳಿಯವರು ಪೆಂಡಾಲು ಹಾಕಿ ರೊಟ್ಟಿ, ಅಂಬಲಿ, ಮಜ್ಜಿಗೆಗಳನ್ನಿಟ್ಟು ಕೈಹಿಡಿದು ಕರೆಯುವರು, ಬಿಸಿಲಿಗೆ ಬೊಬ್ಬೆಯೆದ್ದ ಪಾದಗಳಿಗೆ ಎಣ್ಣೆ ಸವರುವರು. ಭಾರತ ಹುಣ್ಣಿಮೆಯ ಹೊತ್ತಿಗೆ ಉಳವಿಯ ಜಾತ್ರೆಗೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಹೊರಡುವ ಕೊಲ್ಲಾರಿ ಬಂಡಿಗಳನ್ನು ನೋಡಿರಿ. ಎತ್ತಿನ ಬೆನ್ನಿಗೆ ಕಸೂತಿಯ ಜೂಲು, ಕೋಡಿಗೆ ಹಿತ್ತಾಳೆಯ ಕೋಡಣಸು, ಕೊರಳಲ್ಲಿ ಗೆಜ್ಜೆಯ ಸರ. ಬಂಡಿಯೊಳಗೆ ಕಟಕರೊಟ್ಟಿಯ ಬುಟ್ಟಿ, ಶೇಂಗಾಹಿಂಡಿಯ ಗಂಟು, ಮಡಿಲಲ್ಲಿ ಕೂಸನ್ನು ಕಟ್ಟಿಕೊಂಡ ಸೊಸೆ, ಮೂಕಿಯ ಮೇಲೆ ಕುಳಿತ ಅಜ್ಜ. ಈ ಬಂಡಿಗೆ ಇಂದಿನ ಹೆದ್ದಾರಿಯಲ್ಲಿ ಎಡೆಯೆಲ್ಲಿ? ಎತ್ತಿನ ಗಾಡಿಗೂ ಟ್ರ್ಯಾಕ್ಟರಿಗೂ ರಾಷ್ಟ್ರೀಯ ಹೆದ್ದಾರಿಯ ಸುಂಕದಿಂದ ವಿನಾಯಿತಿ ಇದೆಯೆಂಬುದು ನಿಜ; ಆದರೆ ಸುಂಕ ಕೊಡದವರನ್ನು ಕ್ರಮೇಣ ಮುಖ್ಯಪಥದಿಂದಲೇ ಹೊರಗಿಡುವ ಪದ್ಧತಿ ಬಂದಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥದ ಮುಖ್ಯಪಥದಲ್ಲಿ ಆ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್, ಎತ್ತಿನ ಗಾಡಿಗಳಿಗೆ ಪ್ರವೇಶವಿಲ್ಲ. ಅಪಘಾತ ತಪ್ಪಿಸುವ ಸದುದ್ದೇಶದಿಂದಲೇ ಹೀಗೆ ಮಾಡಿದರು; ಆದರೆ ಯಾವ ಊರುಗಳ ಹೊಲಗಳಿಂದ ಆ ದಾರಿ ಹುಟ್ಟಿತೋ ಆ ಊರುಗಳ ವಾಹನಗಳೇ ಅದರಿಂದ ಬಹಿಷ್ಕೃತವಾದವು.

ಸುಂಕದ ವಿಷಯ ಬಂದಿತು. ದಾರಿಗೆ ಸುಂಕ ಕೇಳುವುದೇ ಅಧರ್ಮವೆಂದು ಪ್ರತಿಭಟನಕಾರರಲ್ಲಿ ಕೆಲವರು ಆವೇಶದಿಂದ ಹೇಳುವುದುಂಟು. ನಮ್ಮ ಪೂರ್ವಿಕರು ಹಾಗೆ ತಿಳಿದಿರಲಿಲ್ಲ. ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳ ಹೆಸರು ಮತ್ತೆ ಮತ್ತೆ ಬರುವುವು. ಶರಣರ ಸಮುದಾಯದಲ್ಲಿಯೇ ಸುಂಕದ ಬಂಕಣ್ಣನಿದ್ದನು. ಸುಂಕ ವಸೂಲಿಯೇ ಅವನ ಕಾಯಕ, ಬಂಕೇಶ್ವರಲಿಂಗವೆಂಬುದು ಅವನ ಅಂಕಿತ. ಸುಂಕದ ಕಟ್ಟೆಯ ಪರಿಭಾಷೆಯಲ್ಲಿಯೇ ಆತ ಆತ್ಮದ ಲೆಕ್ಕಾಚಾರವನ್ನು ಹೇಳಿದನು, ಆ ಕಾಯಕದಿಂದ ಅವನು ಕೀಳಾಗಲಿಲ್ಲ. ಆದಕಾರಣ ಸುಂಕವು ತನ್ನಷ್ಟಕ್ಕೆ ತಾನು ಪಾಪವಲ್ಲ. ಕೇಳಬೇಕಾದುದು ಅದು ಯಾರಿಂದ ಬಂದು ಯಾರಿಗೆ ಹೋಗುವುದು, ಎಂದಿಗೆ ನಿಲ್ಲುವುದು ಎಂಬುದನ್ನು. ಸವದತ್ತಿಯಿಂದಲೂ ಬಳಿಕ ಬೆಳಗಾವಿಯಿಂದಲೂ ಈ ಸೀಮೆಯನ್ನು ಆಳಿದ ರಟ್ಟರ ಕಾಲದಲ್ಲಿ, 1204ರ ಬೆಳಗಾವಿಯ ಶಾಸನಗಳು ಹೇಳುವಂತೆ, ವರ್ತಕರು ತಮ್ಮ ಸರಕುಗಳ ಮೇಲಿನ ಆಯವನ್ನು ಅದೇ ಊರಿನ ರಟ್ಟ ಜಿನಾಲಯಕ್ಕೆ ಬಿಟ್ಟುಕೊಟ್ಟರು. ಬೇರೆ ಬೇರೆ ಊರುಗಳ ಶಾಸನಗಳಲ್ಲಿ ಸುಂಕದ ಹುಟ್ಟುವಳಿ ಕೆರೆಗೆ, ಸತ್ರಕ್ಕೆ, ವಿದ್ಯಾದಾನಕ್ಕೆ ಸಂದಿದೆ. ದಾರಿಹೋಕನು ಕೊಟ್ಟದ್ದು ದಾರಿಯ ಬದಿಯವರಿಗೆ ಸಂದು, ಮರಳಿ ದಾರಿಹೋಕನಿಗೇ ಅನ್ನವಾಗಿ ನೀರಾಗಿ ದೊರೆಯುತ್ತಿದ್ದಿತು.

ಇಂದಿನ ಟೋಲ್ ನಾಕಾದಲ್ಲಿ ಈ ವರ್ತುಲ ಕಡಿದುಹೋಗಿದೆ. ಸುಂಕವು ಸಾಲ ಕೊಟ್ಟ ಬ್ಯಾಂಕಿಗೂ ಗುತ್ತಿಗೆ ಹಿಡಿದ ಸಂಸ್ಥೆಗೂ ಹೆದ್ದಾರಿ ಪ್ರಾಧಿಕಾರಕ್ಕೂ ಹೋಗುವುದು. ಅದು ಸಂಗ್ರಹವಾಗುವ ಊರಿನ ಗ್ರಾಮ ಪಂಚಾಯತಿಗೆ ಅದರ ಮೇಲೆ ಮಾತಿಲ್ಲ. ರಾಷ್ಟ್ರೀಯ ಹೆದ್ದಾರಿಯ ಸುಂಕವನ್ನು ಕುರಿತ 2008ರ ನಿಯಮಗಳು ನಾಕಾದಿಂದ 20 ಕಿಲೋಮೀಟರಿನೊಳಗೆ ವಾಸಿಸುವವರ ಸ್ವಂತ ಕಾರಿಗೆ ಮಾಸಿಕ ಪಾಸಿನ ರಿಯಾಯಿತಿಯನ್ನು ಕೊಟ್ಟಿರುವುವು. ತನ್ನ ಹೊಲವನ್ನು ಬಿಟ್ಟುಕೊಟ್ಟವನು ತನ್ನ ಪೇಟೆಗೆ ಹೋಗಲು ಪಾಸು ಮಾಡಿಸಬೇಕಾಗುವುದೆಂಬುದೇ ಅದರ ಅರ್ಥ. ಕಟ್ಟಿದ ವೆಚ್ಚ ತೀರಿದ ಬಳಿಕವೂ ಸುಂಕ ಮುಂದುವರಿಯಲು ನಿಯಮದಲ್ಲಿ ಅವಕಾಶವಿದೆ. 2021ರ ಫೆಬ್ರವರಿಯಿಂದ ಫಾಸ್ಟ್‌ಟ್ಯಾಗ್ ಕಡ್ಡಾಯವಾದ ಮೇಲೆ ನಾಕಾದಲ್ಲಿ ಮಾತಿಗೂ ಮನುಷ್ಯನಿಲ್ಲ. ಬಂಕಣ್ಣನ ಕಟ್ಟೆಯಲ್ಲಿ ಬಡವನೊಬ್ಬನು ತನ್ನ ಕಷ್ಟವನ್ನು ಹೇಳಿಕೊಳ್ಳಬಹುದಾಗಿತ್ತು. ಯಂತ್ರದ ಕಣ್ಣಿಗೆ ಕಷ್ಟ ಕಾಣಿಸದು. ತೀರಿಸಿದ ಸಾಲಕ್ಕೆ ಮತ್ತೆ ಬಡ್ಡಿ ಕೇಳುವ ಸಾಹುಕಾರನನ್ನು ನಾವು ಅಧರ್ಮಿಯೆನ್ನುತ್ತೇವೆ. ತೀರಿದ ದಾರಿಗೆ ಸುಂಕ ಕೇಳುವುದನ್ನು ನೀತಿಯೆಂದು ಒಪ್ಪಲು ನನಗೆ ಕಾರಣ ತೋರದು.

ಇಂಥ ಸುಂಕವನ್ನು ಜನ ಎದುರಿಸಿ ಗೆದ್ದುದೂ ಉಂಟು. ಸುರತ್ಕಲ್ಲಿನಲ್ಲಿ ತಾತ್ಕಾಲಿಕವೆಂದು ಹೇಳಿ ನೆಟ್ಟ ನಾಕಾ ವರ್ಷಗಟ್ಟಲೆ ಉಳಿಯಿತು. ಸ್ವಲ್ಪ ದೂರದ ಹೆಜಮಾಡಿಯಲ್ಲಿ ಮತ್ತೊಂದು ನಾಕಾ ಇದ್ದಿತು. ಒಂದೇ ಹೆದ್ದಾರಿಯ ಎರಡು ನಾಕಾಗಳ ನಡುವೆ ಸಾಮಾನ್ಯವಾಗಿ 60 ಕಿಲೋಮೀಟರಿನ ಅಂತರವಿರಬೇಕೆಂಬುದು ಸರಕಾರದ್ದೇ ನಿಯಮವಾಗಿರಲು, ತುಳುನಾಡಿನ ಜನ ಪಕ್ಷಭೇದ ಮತಭೇದಗಳನ್ನು ಬದಿಗಿಟ್ಟು ಹೋರಾಡಿ, 2022ರ ಅಕ್ಟೋಬರಿನಲ್ಲಿ ನಾಕಾಕ್ಕೆ ಮುತ್ತಿಗೆಯಿಟ್ಟು, ಬಳಿಕ ಹಗಲಿರುಳು ಧರಣಿ ಕುಳಿತರು. ಡಿಸೆಂಬರ್ 1ರಿಂದ ಅಲ್ಲಿ ಸುಂಕ ನಿಂತಿತು.

ಬೆಳಗಾವಿಯ ಹಲಗಾ-ಮಚ್ಛೆ ಬೈಪಾಸಿನ ಕಥೆ ಇಷ್ಟು ಸುಖಾಂತವಾದುದಲ್ಲ. ಸುಮಾರು ಒಂಬತ್ತು ಕಿಲೋಮೀಟರಿನ ಆ ದಾರಿ ಹಾಯಬೇಕಾದುದು ಶಹಾಪುರ, ವಡಗಾವಿ, ಅನಗೋಳಗಳ ಶಿವಾರಗಳಲ್ಲಿ. ಬೆಳಗಾವಿಯ ಬಾಸುಮತಿ ಅಕ್ಕಿ ಹೆಸರಾದದ್ದು ಆ ಕರಿಯ ಮಣ್ಣಿನಿಂದ. ಅಲ್ಲಿಯ ಒಕ್ಕಲಿಗರಲ್ಲಿ ಹಲವರಿಗೆ ಇರುವುದು ಎಕರೆ ಎರಡೆಕರೆ, ಕೆಲವರಿಗೆ ಗುಂಟೆಗಳ ಲೆಕ್ಕದಲ್ಲಿ. ಕನ್ನಡಿಗರೂ ಮರಾಠಿಗರೂ ಕೂಡಿ, ವರ್ಷಾನುಗಟ್ಟಲೆ ನ್ಯಾಯಾಲಯದ ಮೆಟ್ಟಿಲನ್ನೇರಿ ತಡೆಯಾಜ್ಞೆ ತಂದರು, ಕಳೆದುಕೊಂಡರು, ಮತ್ತೆ ತಂದರು. 2021ರ ನವೆಂಬರಿನಲ್ಲಿ ಪೊಲೀಸರ ಕಾವಲಿನಲ್ಲಿ ಯಂತ್ರಗಳು ಹೊಲಕ್ಕಿಳಿದಾಗ ಹೆಂಗಸರು ಅವುಗಳ ಮುಂದೆ ಕುಳಿತರು. ಪರಿಹಾರದ ಮೊತ್ತ ಸಾಲದೆಂಬ ದೂರಿಗಿಂತ ಆಳವಾದ ಮಾತು ಅವರಲ್ಲಿತ್ತು: ಭೂಮಿಯನ್ನು ನಾವು ಮಾರಲು ಹೊರಟಿರಲಿಲ್ಲ. ಬೆಲೆಯೆಂಬುದು ಮಾರುವ ಇಚ್ಛೆಯುಳ್ಳವನ ಸರಕಿಗೆ ಇರತಕ್ಕದ್ದು. ಇಚ್ಛೆಯಿಲ್ಲದವನ ಹೊಲಕ್ಕೆ ನಾಲ್ಕು ಪಟ್ಟು ಕೊಟ್ಟರೂ ಅದು ಕ್ರಯವಾಗದು, ಬಲಾತ್ಕಾರಕ್ಕೆ ತೆತ್ತ ದಂಡವಾಗುವುದು. ರಾಜ್ಯಕ್ಕೆ ಕೆಲವೊಮ್ಮೆ ಬಲಾತ್ಕಾರ ಅನಿವಾರ್ಯವೆಂದು ಒಪ್ಪೋಣ. ಆಗಲೂ ಅದು ದಂಡವನ್ನು ತೆರುವವನ ನಾಚಿಕೆಯಿಂದ ನಡೆಯಬೇಕೇ ಹೊರತು ದಾನಿಯ ಗರ್ವದಿಂದ ಅಲ್ಲ.

ಇನ್ನೊಂದು ಪಕ್ಷವನ್ನು ನಾನು ಮರೆತಿಲ್ಲ. 2021ರ ಜನವರಿ 15ರ ಬೆಳಗ್ಗೆ ಧಾರವಾಡದ ಬಳಿಯ ಇಟಿಗಟ್ಟಿಯಲ್ಲಿ, ಹುಬ್ಬಳ್ಳಿ-ಧಾರವಾಡ ಬೈಪಾಸಿನ ಇಕ್ಕಟ್ಟಾದ ದ್ವಿಪಥದ ಮೇಲೆ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ವಾಹನ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಮುಂದಿನ ಹಿಂದಿನ ದಾರಿಯೆಲ್ಲ ಅಗಲವಾಗಿದ್ದು ಈ ತುಂಡು ಮಾತ್ರ ವರ್ಷಗಳ ಕಾಲ ಸುಂಕ ವಸೂಲು ಮಾಡುತ್ತಲೂ ಇಕ್ಕಟ್ಟಾಗಿಯೇ ಉಳಿದಿತ್ತು. ಸತ್ತವರ ಬಂಧುಗಳು ಬಯಸಿದ್ದು ರಸ್ತೆಯ ವಿಸ್ತರಣೆಯನ್ನು. ಅವರ ಬಯಕೆಯೂ ಧರ್ಮವೇ. ದಾರಿಹೋಕನ ಪ್ರಾಣಕ್ಕೂ ಬದಿಯವನ ಹೊಲಕ್ಕೂ ತೂಕವಿಟ್ಟರೆ ಪ್ರಾಣವೇ ಹೆಚ್ಚು. ಆದರೆ ವಿಸ್ತರಣೆಯ ಹೆಸರಿನಲ್ಲಿ ತೂಗುವ ತಕ್ಕಡಿಯಲ್ಲಿ ಬಹುಸಾರಿ ಒಂದು ಕಡೆ ಇರುವುದು ಪ್ರಾಣವಲ್ಲ, ಅರ್ಧ ಗಂಟೆಯ ಸಮಯ. ಪ್ರಾಣಕ್ಕಾಗಿ ಹೊಲವನ್ನು ಕೇಳಬಹುದು. ಅರ್ಧ ಗಂಟೆಗಾಗಿ ಕೇಳುವಾಗ ಬಹಳ ಯೋಚಿಸಬೇಕು.

ಈಗ ನನ್ನ ಮನಸ್ಸನ್ನು ಬಹುಕಾಲದಿಂದ ಕಾಡುತ್ತಿರುವ ಸಂಗತಿಗೆ ಬರುತ್ತೇನೆ. ಸಾರ್ವಜನಿಕ ಸ್ಥಳಗಳಲ್ಲಿಯ ಅನಧಿಕೃತ ಧಾರ್ಮಿಕ ಕಟ್ಟಡಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಇತ್ತ ಆದೇಶವನ್ನು ಅನುಸರಿಸಿ, 2021ರ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲೂಕಿನ ಹುಚ್ಚಗಣಿಯಲ್ಲಿ ಮಹದೇವಮ್ಮನ ಗುಡಿಯನ್ನು ಕೆಡವಿದರು. ನಾಡೆಲ್ಲ ಕುದಿಯಿತು. ಆ ತಿಂಗಳು ಮುಗಿಯುವುದರೊಳಗಾಗಿ ವಿಧಾನಮಂಡಲ ಧಾರ್ಮಿಕ ಕಟ್ಟಡಗಳ ಸಂರಕ್ಷಣೆಗಾಗಿ ಮಸೂದೆಯನ್ನು ಅಂಗೀಕರಿಸಿತು. ಗುಡಿಯನ್ನು ಕಳೆದುಕೊಂಡವರ ದುಃಖ ನನಗೆ ತಿಳಿಯದ್ದಲ್ಲ. ಆದರೆ ಅದಾಗಿ ಎರಡೇ ತಿಂಗಳಿಗೆ ಹಲಗಾ-ಮಚ್ಛೆಯ ಹೊಲಗಳಿಗೆ ಯಂತ್ರಗಳು ನುಗ್ಗಿದಾಗ ಯಾವ ಮಸೂದೆಯೂ ಸಿದ್ಧವಾಗಲಿಲ್ಲ. ಕಲ್ಲಿನ ದೇವಿಗೆ ವಾರಗಳಲ್ಲಿ ದೊರೆತ ರಕ್ಷಣೆ ಉಳುವ ಹೆಂಗಸಿಗೆ ವರ್ಷಗಳಲ್ಲಿಯೂ ದೊರೆಯಲಿಲ್ಲ. ಸ್ಥಾವರ-ಜಂಗಮದ ವಿವೇಕವನ್ನು ಲೋಕಕ್ಕೆ ಕೊಟ್ಟ ನಾಡಿನಲ್ಲಿ ಹೀಗಾದುದನ್ನು ನೆನೆದರೆ ತಲೆ ತಗ್ಗುವುದು. ಜಂಗಮವನ್ನು ಹಿರಿದೆಂದವರು ಹೇಳಿದ್ದು ಇದನ್ನೇ ಅಲ್ಲವೆ: ಮೊದಲು ಉಸಿರಾಡುವ ದೇಗುಲವನ್ನು ಕಾಯಿರಿ. ಹುಲಿಕಲ್ಲು-ಕುದೂರಿನ ನಡುವೆ ಗಂಡ ಚಿಕ್ಕಯ್ಯನೊಡನೆ ಬಿಂದಿಗೆಯಲ್ಲಿ ನೀರು ಹೊತ್ತು ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕ ಗುಡಿಯೊಂದನ್ನೂ ಕಟ್ಟಿದವಳಲ್ಲ. 2019ರಲ್ಲಿ ಬಾಗೇಪಲ್ಲಿ-ಹಲಗೂರು ರಸ್ತೆಯ ವಿಸ್ತರಣೆಗೆ ಆ ಮರಗಳು ಎರವಾಗುವ ಭಯ ಬಂದಾಗ ನೂರು ದಾಟಿದ ಆ ತಾಯಿ ಮುಖ್ಯಮಂತ್ರಿಗಳವರೆಗೆ ಹೋಗಿ ಬೇಡಬೇಕಾಯಿತು. ಬೇಡಿದವಳು ತಿಮ್ಮಕ್ಕನಾದುದರಿಂದ ಕೇಳಿಸಿತು. ಹೆಸರಿಲ್ಲದವರ ಮರಗಳ ಮಾತೇನು?

ವಿರೋಧಿಸುವವರಿಗೂ ಒಂದು ಧರ್ಮವಿದೆ, ಅದನ್ನು ಈ ಸೀಮೆ ನೆತ್ತರು ಚೆಲ್ಲಿ ಕಲಿತಿದೆ. 1939ರ ಏಪ್ರಿಲಿನಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ದೊರೆಯ ಆಡಳಿತದ ವಿರುದ್ಧ ದಂಗೆಯೆದ್ದರು. ಪ್ರಜಾಸಂಘದ ಕೋರಿಕೆಗಳು ನ್ಯಾಯವಾಗಿದ್ದುವು, ಆದರೆ ಗುಂಪು ಕೆರಳಿ ಪೊಲೀಸರು ಕೊಲೆಯಾದರು, ಬಳಿಕ ಊರಿನ ಮಕ್ಕಳು ಗಲ್ಲಿಗೇರಿದರು. ನ್ಯಾಯವಾದ ಕೋರಿಕೆ ಹಿಂಸೆಯ ಹೊಗೆಯಲ್ಲಿ ಮುಚ್ಚಿಹೋಯಿತು. ಸುರತ್ಕಲ್ಲಿನವರು ಧರಣಿ ಕುಳಿತು ಗೆದ್ದುದನ್ನೂ ರಾಮದುರ್ಗದವರು ಕೈಯೆತ್ತಿ ಕಳೆದುಕೊಂಡುದನ್ನೂ ಜೊತೆಗಿಟ್ಟು ನೋಡುವುದು ನಮಗೆ ಒಳ್ಳೆಯದು.

ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು ತಾಲೂಕುಗಳ ಓದುಗರಲ್ಲಿ ನನ್ನದೊಂದು ಕೋರಿಕೆ. ರಾಷ್ಟ್ರೀಯ ಹೆದ್ದಾರಿಗಳ 1956ರ ಕಾಯ್ದೆಯ ಮೇರೆಗೆ ನಿಮ್ಮ ಊರಿನ ಸರ್ವೇ ನಂಬರುಗಳು ಅಧಿಸೂಚನೆಯಲ್ಲಿ ಬಂದರೆ ಆಕ್ಷೇಪಣೆ ಸಲ್ಲಿಸಲು 21 ದಿನಗಳ ಅವಕಾಶವಿದೆ. 2013ರ ಭೂಸ್ವಾಧೀನ ಕಾಯ್ದೆಯ ಮೇರೆಗಾದರೆ 60 ದಿನ. ಬರಹದಲ್ಲಿ ಕೊಡಿರಿ, ಸ್ವೀಕೃತಿ ಪಡೆಯಿರಿ, ವಿಚಾರಣೆಗೆ ಊರ ಹಿರಿಯರನ್ನೂ ಹೆಂಗಸರನ್ನೂ ಕರೆದುಕೊಂಡು ಹೋಗಿರಿ. ದಾರಿ ಬೇಕಾದರೆ ಬೇಕೆನ್ನಿರಿ. ಬಂಡಿ ದಾಟಲು ಕೆಳಸೇತುವೆ ಎಲ್ಲಿ, ಸುಂಕ ಎಂದಿಗೆ ನಿಲ್ಲುವುದು, ಊರಿಗೆ ಅದರಲ್ಲಿ ಪಾಲೆಷ್ಟು ಎಂಬುದನ್ನು ಮೊದಲು ಕೇಳಿ ಬರೆಯಿಸಿಕೊಳ್ಳಿರಿ. ನಕಾಶೆಯನ್ನು ಗ್ರಾಮಸಭೆಗೆ ತರಿಸಿದ ದಿನ, ಗುಡಿಯ ಗೋಡೆಗೂ ಮಸೀದಿಯ ಮೆಟ್ಟಿಲಿಗೂ ಎಷ್ಟು ಅಡಿ ದೂರವೆಂದು ವಿಚಾರಿಸುವ ಮುನ್ನ, ಹೊಲ ಮನೆ ಕಳೆದುಕೊಳ್ಳುವವರ ಹೆಸರುಗಳನ್ನು ಎಲ್ಲರಿಗೂ ಕೇಳಿಸುವಂತೆ ಓದಿಸಿರಿ.